ಶರ್ಯತ್ತಿನ ಗಾಡಿ

ಐನಾಪುರ, ಕಾಗವಾಡ, ಅಥಣಿ ಭಾಗದಲ್ಲಿ ಜಾತ್ರೆ ಬಂತೆಂದರೆ ಗಾಡಿ ಶರ್ಯತ್ತಿನದೇ ಮಾತು. ಹೊಲಕ್ಕೆ ಹೋಗುವ ಭಾರದ ಬಂಡಿ ಅಲ್ಲಿ ನಡೆಯದು. ಶರ್ಯತ್ತಿಗೆಂದೇ ಮಾಡಿಸಿದ ಹಗುರ ಗಾಡಿ, ಮೈ ತಿಕ್ಕಿ ತೊಳೆದ ಖಿಲಾರಿ ಎತ್ತುಗಳು. ಪಟ್ಟಣದ ಹವ್ಯಾಸಿಗಳು ಕಾರನ್ನು ಮಾರ್ಪಡಿಸಿ ಆಟೋಕ್ರಾಸ್ ಎಂಬ ಕಾರು ಸ್ಪರ್ಧೆಗೆ ಇಳಿಯುವುದೂ ಇದೇ ಹುರುಪಿನಿಂದ. ಅಲ್ಲಿ ದಾರಿಯಲ್ಲಿಟ್ಟ ಕೋನ್ ಉರುಳಿಸಿದರೆ ಸಾಕು, ದಂಡವಾಗಿ ಸೆಕೆಂಡುಗಳು ಸೇರುತ್ತವೆ. ಎತ್ತಿನ ಬೆನ್ನಿಗೆ ಬಿದ್ದ ಬಾರುಕೋಲಿಗೆ ದಂಡ ಹಾಕುವವರು ಯಾರು?

2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿನ ಗಾಡಿ ಓಟ ನಿಷೇಧಿಸಿತು; ಓಟಕ್ಕೆ ಮತ್ತೆ ದಾರಿ ಮಾಡಿಕೊಟ್ಟ 2017ರ ಕರ್ನಾಟಕದ ತಿದ್ದುಪಡಿಯನ್ನು 2023ರಲ್ಲಿ ಎತ್ತಿಹಿಡಿಯಿತು. ಸಿಕ್ಕ ಅನುಮತಿ ಓಟಕ್ಕೆ, ಹಿಂಸೆಗಲ್ಲ. ಕೋಲೆತ್ತದೆ ಗುರಿ ಮುಟ್ಟಿದವನಿಗೇ ಮೊದಲ ಬಹುಮಾನ ಎಂದು ಜಾತ್ರಾ ಕಮಿಟಿಯ ಹಿರಿಯರು ಈ ಸಲ ಸಾರಲಿ.