ಅವನಿಗೆ ಪಾಸ್‌ಪೋರ್ಟ್ ಉಂಟು, ಅವಳಿಗೆ?



ಕೆರಿಬಿಯನ್ ಸಮುದ್ರದ ಡೊಮಿನಿಕನ್ ರಿಪಬ್ಲಿಕ್ ದೇಶಕ್ಕೆ 2023ರಲ್ಲಿ ಒಂದು ಕೋಟಿಗೂ ಹೆಚ್ಚು ಪ್ರವಾಸಿಗರು ಬಂದರು. ಕಡಲು, ಬಿಸಿಲು ಅಂತ ಬಂದವರೇ ಬಹಳ. ಆದರೆ ಸೊಸುವಾ, ಬೋಕಾ ಚಿಕಾ ಎಂಬ ಕಡಲೂರುಗಳಿಗೆ ಹೆಣ್ಣುಮಕ್ಕಳನ್ನು ಹುಡುಕಿಕೊಂಡು ಬರುವ ಗಂಡಸರೂ ಇದ್ದಾರೆ.

ಅಲ್ಲಿ ವಯಸ್ಕರ ವೇಶ್ಯಾವೃತ್ತಿ ಸ್ವತಃ ಅಪರಾಧವಲ್ಲ, ದಲ್ಲಾಳಿತನ ಅಪರಾಧ. 18 ತುಂಬದವರ ವಿಷಯದಲ್ಲಿ ಮಾತ್ರ, ಅವಳೇ ಒಪ್ಪಿದ್ದಳು ಅಂದರೂ ನಡೆಯೋದಿಲ್ಲ. ಇದಕ್ಕೆ 2003ರ ಮಕ್ಕಳ ರಕ್ಷಣಾ ಕಾನೂನೇ ಇದೆ.

ಹಾಗಾದರೆ ಎಲ್ಲ ನಿಂತಿರೋದು ವಯಸ್ಸಿನ ಮೇಲೆ ತಾನೇ? ಬರುವವನು ಇ-ಟಿಕೆಟ್ ಅರ್ಜಿ ತುಂಬುತ್ತಾನೆ, ಪಾಸ್‌ಪೋರ್ಟ್ ತೋರಿಸುತ್ತಾನೆ. ಅವನ ವಯಸ್ಸಿಗೆ ಕಾಗದ ಉಂಟು. ಆ ಹುಡುಗಿಯದಕ್ಕೆ? ಪಕ್ಕದ ಹೈಟಿ ಮೂಲದ ಎಷ್ಟೋ ಮನೆಗಳ ಮಕ್ಕಳಿಗೆ ಜನನ ಪತ್ರವೇ ಇಲ್ಲ. 2013ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. 1929ರ ಬಳಿಕ ಆ ನೆಲದಲ್ಲೇ ಹುಟ್ಟಿದ್ದರೂ, ತಂದೆತಾಯಿಗೆ ದಾಖಲೆ ಇಲ್ಲದಿದ್ದರೆ ಪೌರತ್ವ ಇಲ್ಲ ಅಂದಿತು. ಅಜ್ಜಿಯ ಕಾಲದಿಂದ ಅಲ್ಲೇ ಇದ್ದವರೂ ಪರದೇಶಿಗಳಾದರು! 2014ರ ಕಾನೂನು ಕೆಲವರಿಗಷ್ಟೇ ದಾರಿ ಬಿಟ್ಟಿತು. ಕಾಗದ ಇಲ್ಲದವಳಿಗೆ ಮೇಲಿನ ಓದು ಕಷ್ಟ, ಒಳ್ಳೇ ಕೆಲಸ ಕಷ್ಟ. ದಲ್ಲಾಳಿ ಹೇಳಿದ್ದೇ ಅವಳ ವಯಸ್ಸು.

ಸೊಸುವಾ ಇರುವ ಪುಯೆರ್ಟೊ ಪ್ಲಾಟಾ ಪ್ರಾಂತ್ಯದಲ್ಲಿ ಪ್ರವಾಸಿ ಹಡಗುಗಳು ನಿಲ್ಲುತ್ತವೆ. ಹಡಗಿನ ಕೆಲಸಕ್ಕೆ ಹೋಗುವ ನಮ್ಮ ಕರಾವಳಿಯ ಹುಡುಗರಿಗೂ ಈ ಮಾತು ತಿಳಿದಿರಲಿ: ಭಾರತದ ಪ್ರಜೆ ಹೊರದೇಶದಲ್ಲಿ ಮಾಡಿದ ಅಪರಾಧಕ್ಕೂ ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ. ಊರಿಗೆ ವಾಪಸು ಬಂದ ಮೇಲೂ ಕೇಸು ನಡೆಯಬಹುದು.