ಗಾಳಿಗೂ ದಾರಿ ಬೇಕು
(ಮೊರಪ್ಪೂರಿನಲ್ಲಿ ತೋಟದ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಈ ದಿನ ನಾವು ಮಾತನಾಡಬೇಕೆಂದಿರುವುದು ಗಾಳಿಯ ವಿಷಯ. ಮಳೆ ತರುವ ಗಾಳಿಯಲ್ಲ. ಸಣ್ಣ ಬಾಯಿಯಿಂದ ರಭಸವಾಗಿ ಹೊರಡುವ ಗಾಳಿಯ ಧಾರೆ. ಅದು ಬಯಲಿನಲ್ಲಿ ಒಂದು ರೀತಿ ನಡೆದುಕೊಳ್ಳುತ್ತದೆ, ನಾಲ್ಕು ಗೋಡೆಗಳ ನಡುವೆ ಬೇರೊಂದು ರೀತಿ. ಈ ವ್ಯತ್ಯಾಸ ನಮ್ಮ ಲೈನ್ ಮನೆಯ ಅಡಿಗೆಕೋಣೆಯಲ್ಲಿ ಕಣ್ಣಿಗೂ ಎದೆಗೂ, ಒಮ್ಮೊಮ್ಮೆ ಪ್ರಾಣಕ್ಕೂ ಸಂಬಂಧಪಟ್ಟದ್ದು. ಆದ್ದರಿಂದ ಸ್ವಲ್ಪ ಸಹನೆಯಿಂದ ಕೇಳಬೇಕೆಂದು ಕೋರುತ್ತೇವೆ.

ಮೊದಲು ಊದುಗೊಳವೆಯನ್ನು ನೋಡೋಣ. ನಾವು ಒಳಗೆ ಎಳೆದುಕೊಳ್ಳುವ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕವಿದೆ. ಹೊರಗೆ ಬಿಡುವ ಉಸಿರಿನಲ್ಲಿ 16–17 ಪಾಲು ಮಾತ್ರ. ಹಾಗಾದರೆ ಬಳಸಿ ಬಿಟ್ಟ ಉಸಿರಿನಿಂದ ಒಲೆ ಹೇಗೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ? ಬೆಂಕಿಯನ್ನು ಮುಟ್ಟುವುದು ನಮ್ಮ ಉಸಿರೊಂದೇ ಅಲ್ಲ. ಕೊಳವೆಯ ಬಾಯಿ ಬಿಟ್ಟ ಧಾರೆ ಸುಳಿಸುಳಿಯಾಗಿ ಒಡೆಯುತ್ತದೆ. ತುಂಬಿದ ಹೊಳೆ ದಡದ ಕಸಕಡ್ಡಿಯನ್ನು ಎಳೆದುಕೊಂಡು ಹೋಗುವ ಹಾಗೆ, ಒಂದೊಂದು ಸುಳಿಯೂ ಅಕ್ಕಪಕ್ಕದ ಗಾಳಿಯನ್ನು ತನ್ನೊಳಗೆ ಸುತ್ತಿಕೊಂಡು ಮುಂದೆ ಹೋಗುತ್ತದೆ. 1961ರಲ್ಲಿ ರಿಕೂ ಮತ್ತು ಸ್ಪಾಲ್ಡಿಂಗ್ ಎಂಬ ಇಬ್ಬರು ಲಂಡನ್ನಿನಲ್ಲಿ ಇದನ್ನು ಅಳೆದು ಲೆಕ್ಕ ಕೊಟ್ಟರು. ಆ ಲೆಕ್ಕದಂತೆ, ಒಂದು ಸೆಂಟಿಮೀಟರ್ ಅಗಲದ ಬಾಯಿಯಿಂದ ಹೊರಟ ಧಾರೆ ಬಯಲಿನಲ್ಲಿ 30 ಸೆಂಟಿಮೀಟರ್ ದೂರ ಹೋಗುವಷ್ಟರಲ್ಲಿ ಸುಮಾರು ಹತ್ತು ಪಾಲು ಆಗಿರುತ್ತದೆ. ಒಂದು ಪಾಲು ನಮ್ಮ ಉಸಿರು. ಉಳಿದ ಒಂಬತ್ತು ಪಾಲು ದಾರಿಯಲ್ಲಿ ಸೇರಿಕೊಂಡ ಹೊಸ ಗಾಳಿ. ಕೊಳವೆಯನ್ನು ಕೆಂಡಕ್ಕೇ ಚುಚ್ಚಿ ಊದಿದರೆ ಬೂದಿ ಹಾರುತ್ತದೆಯೇ ಹೊರತು ಈ ಲಾಭವಿಲ್ಲ. ಸ್ವಲ್ಪ ದೂರದಲ್ಲಿ ಹಿಡಿದು ಊದುವ ಅಜ್ಜಿಗೆ ಈ ಲೆಕ್ಕ ಗೊತ್ತಿಲ್ಲದಿದ್ದರೂ ಕೆಲಸ ಗೊತ್ತು.

ಎರಡನೆಯದು, ಉಗಿ ಎಂಜಿನ್. ಮೊರಪ್ಪೂರು ರೈಲಿನ ಊರು. 1906ರಲ್ಲಿ ಇಲ್ಲಿಂದ ಧರ್ಮಪುರಿಗೆ ಸಣ್ಣ ಹಳಿಯ ರೈಲು ಹಾಕಿದರು, ಮುಂದೆ ಅದು ಹೊಸೂರಿನವರೆಗೂ ಹೋಯಿತು, 1941ರಲ್ಲಿ ನಿಂತುಹೋಯಿತು. ಉಗಿ ಎಂಜಿನ್ನಿನ ಬೆಂಕಿಗೆ ತಿದಿಯೊತ್ತುವವರು ಯಾರೂ ಇರಲಿಲ್ಲ. ಕೆಲಸ ಮುಗಿಸಿದ ಉಗಿಯನ್ನು ಹಾಗೆಯೇ ಹೊರಗೆ ಬಿಡದೆ, ಎಂಜಿನ್ನಿನ ಮುಂಭಾಗದ ಹೊಗೆಪೆಟ್ಟಿಗೆಯೊಳಗೆ, ಹೊಗೆಗೂಡಿನ ನೇರ ಕೆಳಗೆ, ಕಿರಿದಾದ ಬಾಯಿಯಿಂದ ಮೇಲಕ್ಕೆ ಚಿಮ್ಮಿಸುತ್ತಿದ್ದರು. ಆ ಧಾರೆ ಪೆಟ್ಟಿಗೆಯ ಹೊಗೆಯನ್ನೆಲ್ಲ ಎಳೆದುಕೊಂಡು ಹೋಗುತ್ತಿತ್ತು. ಖಾಲಿಯಾದ ಜಾಗ ತುಂಬಲು ಹಿಂದಿನ ಬೆಂಕಿಯ ಮೂಲಕ ಹೊಸ ಗಾಳಿ ನುಗ್ಗುತ್ತಿತ್ತು. ಎಂಜಿನ್ ಎಷ್ಟು ಕಷ್ಟಪಟ್ಟು ಎಳೆಯುತ್ತದೋ ಅಷ್ಟು ಉಗಿ, ಅಷ್ಟೇ ಜೋರಾದ ಬೆಂಕಿ. "ಚುಕುಬುಕು" ಎಂಬ ಸದ್ದು ಈ ಧಾರೆಯದೇ.

ಇಲ್ಲಿ ಒಂದು ಪಾಠವಿದೆ. ಹೊಗೆಪೆಟ್ಟಿಗೆಯ ಮುಂಬಾಗಿಲು ಸ್ವಲ್ಪ ಸಡಿಲವಾದರೂ ಎಂಜಿನ್ ಬಳಲುತ್ತಿತ್ತು. ಧಾರೆಯು ಬೆಂಕಿಯ ಕಡೆಯಿಂದ ಎಳೆಯುವ ಬದಲು ಆ ಸಂದಿಯಿಂದ ಎಳೆದುಕೊಳ್ಳುತ್ತಿತ್ತು. ಧಾರೆಗೆ ಗಾಳಿಯ ಹಸಿವು ಯಾವಾಗಲೂ ಇರುತ್ತದೆ. ಎಲ್ಲಿ ಸುಲಭವಾಗಿ ಸಿಗುತ್ತದೋ ಅಲ್ಲಿಂದ ತಿನ್ನುತ್ತದೆ.

ಮೂರನೆಯದು, ಗ್ಯಾಸ್ ಒಲೆ. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಎಷ್ಟೋ ಬಡ ಮನೆಗಳಿಗೆ ಇದು ಬಂದಿದೆ. ಸೂಜಿಮೊನೆಯಷ್ಟು ತೂತಿನಿಂದ ಗ್ಯಾಸ್ ಧಾರೆ ಚಿಮ್ಮಿ ಒಂದು ಕೊಳವೆಯೊಳಗೆ ಹೋಗುತ್ತದೆ. ಹೋಗುವಾಗ ಪಕ್ಕದ ಕಿಂಡಿಯಿಂದ ಗಾಳಿಯನ್ನು ಎಳೆದುಕೊಂಡು ಬೆರೆಸಿಕೊಳ್ಳುತ್ತದೆ. ಅದಕ್ಕೇ ಉರಿ ನೀಲಿ. ಆ ಕಿಂಡಿಯಲ್ಲಿ ಜಿಡ್ಡು, ದೂಳು, ಜೇಡರ ಬಲೆ ಕಟ್ಟಿಕೊಂಡರೆ ಉರಿ ಹಳದಿಯಾಗುತ್ತದೆ, ಪಾತ್ರೆಗೆ ಮಸಿ ಹಿಡಿಯುತ್ತದೆ. ಹಳದಿ ಉರಿ ಕಂಡರೆ ಗಾಳಿ ಸಾಲದೆಂದು ತಿಳಿದು ಒಲೆಯನ್ನು ಶುಚಿ ಮಾಡಿಸಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ಎಳೆದುಕೊಳ್ಳಲು ಹೊಸ ಗಾಳಿಯೇ ಇಲ್ಲದಿದ್ದರೆ ಧಾರೆ ಏನು ಮಾಡುತ್ತದೆ? ಮುಚ್ಚಿದ ಜಾಗದಲ್ಲಿ ಅದು ಎದುರು ಗೋಡೆಗೆ ತಾಗಿ, ಗೋಡೆಯ ಬದಿಯಿಂದ ಹಿಂದಕ್ಕೆ ತಿರುಗಿ, ಮತ್ತೆ ತನ್ನ ಬುಡಕ್ಕೇ ಬರುತ್ತದೆ. ತಾನು ಬಿಟ್ಟದ್ದನ್ನು ತಾನೇ ಮತ್ತೆ ಎಳೆದುಕೊಳ್ಳುತ್ತದೆ. ಕಾರ್ಖಾನೆಯ ಕುಲುಮೆಗಳಲ್ಲಿ ಉರಿ ಆರದೆ ನಿಲ್ಲಲೆಂದು ಎಂಜಿನಿಯರುಗಳು ಇದನ್ನು ಬೇಕೆಂದೇ ಮಾಡಿಸುತ್ತಾರೆ. ಆದರೆ ಮನುಷ್ಯರು ಉಸಿರಾಡುವ ಕೋಣೆಯಲ್ಲಿ ಇದು ಆಗಬಾರದು.

ನಮ್ಮ ಒಲೆಯಿಂದ ಏಳುವ ಬಿಸಿ ಹೊಗೆಯೂ ಒಂದು ಧಾರೆಯೇ. ಕೋಣೆಯ ಗಾಳಿಯನ್ನು ಸುತ್ತಿಕೊಂಡು ಮೇಲೇರಿ, ಮಾಡಿಗೆ ತಾಗಿ ಹರಡಿ, ಗೋಡೆಯ ಬದಿಯಿಂದ ಇಳಿದು, ಮತ್ತೆ ಒಲೆಗೆ ಸೇರುತ್ತದೆ. ಒಂದೊಂದು ಸುತ್ತಿಗೂ ಆಮ್ಲಜನಕ ಕಡಿಮೆ, ವಿಷ ಹೆಚ್ಚು. ಒಲೆಯ ಮುಂದೆ ಕುಳಿತ ತಾಯಿ, ಅವರ ಮಡಿಲಲ್ಲಿರುವ ಕೂಸು ಎಳೆದುಕೊಳ್ಳುವುದೂ ಅದನ್ನೇ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಲೋಕದಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಹೊಗೆ ಕಾಣುವುದರಿಂದ ಎಚ್ಚರವಾದರೂ ಆಗುತ್ತದೆ. ಕೆಂಡದಲ್ಲಿ ಹೊಗೆಯೇ ಕಾಣುವುದಿಲ್ಲ. ಏರ್ಕಾಡು, ನೀಲಗಿರಿ, ಕೊಡಗು, ಚಿಕ್ಕಮಗಳೂರಿನ ತೋಟಗಳ ಚಳಿಯಲ್ಲಿ ಅಗ್ಗಿಷ್ಟಿಕೆಯನ್ನು ಒಳಗಿಟ್ಟು, ಬಾಗಿಲು ಹಾಕಿ, ಕಿಟಕಿಗೆ ಗೋಣಿಚೀಲ ತುರುಕಿ ಮಲಗುವುದು ಬಹಳ ಅಪಾಯ. ಗಾಳಿ ಸಾಲದ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಂತಿ. ಆಮೇಲೆ ಏಳಲೂ ಆಗದ ನಿತ್ರಾಣ. ನಿದ್ದೆಯಲ್ಲಿದ್ದವರು ನಿದ್ದೆಯಲ್ಲೇ ಹೋಗಿಬಿಡುತ್ತಾರೆ. ಹೀಗಾದವರನ್ನು ಕಂಡರೆ ಕೂಡಲೇ ಹೊರಗಿನ ಗಾಳಿಗೆ ತಂದು ಆಸ್ಪತ್ರೆಗೆ ಸಾಗಿಸಬೇಕು.

ಪರಿಹಾರ ಕಷ್ಟದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಯ ಕೆಲಸಕ್ಕಾಗಿ 'ಅಸ್ತ್ರ' ಎಂಬ ವಿಭಾಗ ಆರಂಭವಾಯಿತು. ಅಮೂಲ್ಯ ರೆಡ್ಡಿಯವರು ಅದರ ಮುಂದಾಳು. ಅಲ್ಲಿಂದ ಬಂದ ಅಸ್ತ್ರ ಒಲೆಯಲ್ಲಿ ಸೌದೆಯ ಕೆಳಗೆ ಗಾಳಿ ಬರಲು ಜಾಲರಿ, ಹೊಗೆ ಹೋಗಲು ಹೊಗೆಗೂಡು ಎರಡೂ ಇವೆ. ಒಳಬರುವ ದಾರಿ, ಹೊರಹೋಗುವ ದಾರಿ: ಇಷ್ಟೇ ಗುಟ್ಟು.

ಆದ್ದರಿಂದ ನಾವು ಮನೆಗೆ ಹೋಗಿ ಮಾಡಬೇಕಾದ್ದು:

ಒಂದು, ಅಡಿಗೆಕೋಣೆಯಲ್ಲಿ ಕೆಳಗೊಂದು, ಮೇಲೊಂದು ಕಿಂಡಿ ಇದೆಯೇ ನೋಡಬೇಕು. ಮೇಲೆ ಗವಾಕ್ಷಿಯಿದ್ದು ಕೆಳಗೆ ಎಲ್ಲವೂ ಮುಚ್ಚಿದ್ದರೆ ಪ್ರಯೋಜನ ಸಾಲದು. ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಅದಕ್ಕೂ ಕೆಳಗಿನ ಕಿಂಡಿ ಬೇಕು.

ಎರಡು, ಚಳಿಯೆಂದು ಎಲ್ಲ ಕಿಂಡಿಗಳನ್ನೂ ಮುಚ್ಚಬಾರದು. ಮಲಗುವ ಮೊದಲು ಅಗ್ಗಿಷ್ಟಿಕೆಯನ್ನು ಹೊರಗಿಡಬೇಕು. ಹೊದಿಕೆ ಇನ್ನೊಂದು ಇರಲಿ, ಕೆಂಡ ಬೇಡ.

ಮೂರು, ಲೈನ್ ಮನೆಯ ಅಡಿಗೆಕೋಣೆಗೆ ಕಿಟಕಿ, ಹೊಗೆಗೂಡು ಇಲ್ಲದಿದ್ದರೆ ಎಲ್ಲರೂ ಸೇರಿ ಆಡಳಿತಕ್ಕೆ ಬರೆದು ಕೇಳಬೇಕು. ಕೆಲಸಗಾರರಿಗೆ ಮನೆ ಕೊಡುವ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯಿದೆಯೇ ಮಾಲೀಕರ ಮೇಲೆ ಹಾಕಿತು. 2020ರ ಸಂಹಿತೆಯಲ್ಲಿ ಮನೆಯ ಜೊತೆಗೆ ಅಡಿಗೆಮನೆಯ ಮಾತೂ ಸೇರಿದೆ. ಹೊಗೆ ಹೋಗಲು ದಾರಿಯಿಲ್ಲದ ಕೋಣೆಯನ್ನು ಅಡಿಗೆಮನೆ ಎನ್ನಲಾಗದು ಎಂದು ನಾವು ವಿನಯದಿಂದ, ಆದರೆ ಒಂದೇ ಧ್ವನಿಯಲ್ಲಿ ಹೇಳೋಣ.