ವಾರದ ಹಸು ಯಾರದು?



ಈ ಉಪನ್ಯಾಸಕ್ಕೆ ದತ್ತಿ ಇಟ್ಟವರು ತಮ್ಮ ಹೆಸರು ಎಲ್ಲೂ ಬರಬಾರದೆಂದು ಕರಾರು ಮಾಡಿದ್ದಾರೆ. ಇನ್ನೊಂದು ಕರಾರೂ ಉಂಟು: ಉಪನ್ಯಾಸ ಕಾನೂನಿನ ಮೇಲಿರಬೇಕು, ದನ ಕಾಯುವವರಿಗೂ ಅರ್ಥವಾಗಬೇಕು. ಮೊದಲನೆಯದನ್ನು ನಡೆಸಿಕೊಟ್ಟಿದ್ದೇನೆ. ಎರಡನೆಯದು ನಡೆಯಿತೋ ಇಲ್ಲವೋ, ಕೊನೆಗೆ ನೀವೇ ಹೇಳಬೇಕು.

ತಮಿಳಿನಲ್ಲಿ ಪಾಲ್ ಎಂದರೆ ಹಾಲು. ಕನ್ನಡದಲ್ಲಿ ಪಾಲು ಎಂದರೆ ಹಂಚಿಕೆ. ಇಲ್ಲಿನ ಪಾಲಾರ್ ಹೊಳೆಯ ಹೆಸರು ಹಾಲಿನದಾದರೂ, ನಾನು ಮಾತಾಡಲು ಬಂದಿರುವುದು ಪಾಲಿನ ಜಗಳದ ಬಗ್ಗೆ.

ದನವನ್ನು ವಾರಕ್ಕೆ, ಅಂದರೆ ಪಾಲಿಗೆ, ಕೊಡುವ ಪದ್ಧತಿ ನಿಮಗೆ ಹೊಸದಲ್ಲ. ಕೈಯಲ್ಲಿ ಕಾಸಿದ್ದವನು ಹೆಣ್ಣುಗರು ಕೊಂಡು ಕೊಡುತ್ತಾನೆ, ಮೈಬಲ ಇದ್ದವನು ಮೇಯಿಸಿ ಸಾಕುತ್ತಾನೆ. ಹುಟ್ಟಿದ್ದರಲ್ಲಿ ಅರ್ಧ ಅರ್ಧ. ಕಾಗದವಿಲ್ಲ, ಸಹಿಯಿಲ್ಲ, ಎಲ್ಲ ಬಾಯಿಮಾತು. ಎರಡು ವರ್ಷ ಸುಸೂತ್ರವಾಗಿ ನಡೆಯುತ್ತದೆ. ಆಮೇಲೆ ಗಂಡುಗರು ಹುಟ್ಟುತ್ತದೆ, ಇಲ್ಲವೇ ಕರುವನ್ನು ಚಿರತೆ ಎಳೆದೊಯ್ಯುತ್ತದೆ, ಇಲ್ಲವೇ ಸಾಕಿದವನ ಮಗಳು ಹಸುವಿಗೊಂದು ಹೆಸರಿಟ್ಟುಬಿಡುತ್ತಾಳೆ. ಈ ಮೂರನೆಯದೇ ಎಲ್ಲಕ್ಕಿಂತ ತೊಡಕು.

ವಕೀಲಿಕೆಯ ಮೊದಲ ವರ್ಷಗಳಲ್ಲಿ ಅಂಥದೊಂದು ದಾವಾ ನನ್ನ ಕೈಗೆ ಬಂತು. ದುಡ್ಡು ಹಾಕಿದವನ ಪರ ನಾನು. "ಹಸು ನಂದು ಕಣಣ್ಣ, ದುಡ್ಡು ಎಣಿಸಿ ಕೊಟ್ಟವನು ನಾನು" ಎಂದ. ಎದುರಿನವನು, "ಕಸ ಬಾಚಿದ್ದು ನಾನು, ರಾತ್ರಿ ಎದ್ದು ಕರು ಹಾಕಿಸಿದ್ದು ನಾನು, ಅದ್ಯಾವ ಲೆಕ್ಕದಲ್ಲಿ ಅವನದು?" ಎಂದ. ಸಾಕ್ಷಿ, ಪಾಟೀಸವಾಲು, ವಾಯಿದೆ ಮೇಲೆ ವಾಯಿದೆ. ಗೆದ್ದವನು ನಾನೇ. ಹಸು ನನ್ನ ಕಕ್ಷಿದಾರನ ಕೊಟ್ಟಿಗೆಗೆ ಬಂತು, ಮೇವು ಮೂಸಲಿಲ್ಲ, ಹಾಲು ಕಡಿಮೆಯಾಯಿತು. ತಿಂಗಳೊಳಗೆ ಅವನೇ ಅದನ್ನು ಸಂತೆಗೆ ಹೊಡೆದ. ಆಮೇಲೆ ಒಂದು ದಿನ ಟೀ ಅಂಗಡಿಯಲ್ಲಿ ಸಿಕ್ಕಿ ಹೇಳಿದ: "ನನಗೆ ಬೇಕಾಗಿದ್ದು ಮಗಳ ಮದುವೆಗೆ ದುಡ್ಡು ಅಷ್ಟೇ ಸಾಮಿ. ಹಸು ಕಟ್ಟೋಕೆ ನನಗೆಲ್ಲಿ ಜಾಗ ಇತ್ತು?" ಎದುರಿನವನಿಗೆ ಬೇಕಾಗಿದ್ದು ಹಸು. ಕಂತಿನಲ್ಲಿ ದುಡ್ಡು ಕೊಡಲು ಅವನು ತಯಾರಿದ್ದನಂತೆ. ಅಷ್ಟು ವರ್ಷದಲ್ಲಿ ಯಾರಿಗೆ ಏನು ಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ನಾನಂತೂ ಕೇಳಲಿಲ್ಲ.

ಕೋರ್ಟನ್ನು ದೂರಿ ಫಲವಿಲ್ಲ. ಕಾನೂನಿನ ಕಣ್ಣಿಗೆ ಹಸು, ನಾಯಿ, ಮೇಕೆ ಎಲ್ಲವೂ ಚರಾಸ್ತಿ, ನೇಗಿಲು, ಪಂಪ್‌ಸೆಟ್ಟಿನ ಹಾಗೆ. 2014ರಲ್ಲಿ ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪ್ರಾಣಿಗಳಿಗೂ ಘನತೆ ಉಂಟು ಎಂದಿತು. ಆದರೂ ಒಂದು ಹಸುವಿಗೆ ಇಬ್ಬರು ಕೈ ಹಾಕಿದಾಗ ಕೇಳುವ ಪ್ರಶ್ನೆ ಮಾಲೀಕ ಯಾರು ಎಂಬುದೇ. ಸ್ಪೇನ್ ದೇಶದಲ್ಲಿ 2022ರಿಂದ ಗಂಡ ಹೆಂಡತಿ ಬೇರೆಯಾದರೆ ನಾಯಿಯ ಕ್ಷೇಮವನ್ನೂ ನ್ಯಾಯಾಧೀಶರು ನೋಡಬೇಕು. ನಮ್ಮಲ್ಲಿ ಆ ಮಾತು ಕಾನೂನಿಗೆ ಇನ್ನೂ ಬಂದಿಲ್ಲ. ರಾಜಿ ಮಾತುಕತೆಗೆ ಮಾತ್ರ ಯಾವತ್ತೂ ಬರಬಹುದು. ನಾನು ಹೇಳಬೇಕೆಂದಿರುವುದು ಇಷ್ಟೇ: ಯಾರದು ಎಂಬ ಪ್ರಶ್ನೆ ಕೋರ್ಟಿನದು, ನಾಳೆ ಬೆಳಿಗ್ಗೆ ಮೇವು ಹಾಕುವವರು ಯಾರು ಎಂಬ ಪ್ರಶ್ನೆ ಮಧ್ಯಸ್ಥಿಕೆಯದು.

ಹಳೆಯ ಕಾಲದವರಿಗೆ ಇದು ಗೊತ್ತಿತ್ತು ಎಂದು ಯಾರಾದರೂ ಹೇಳಬಹುದು. ಹಸುವನ್ನು ಸಂಜೆ ನಡುಬೀದಿಗೆ ಬಿಟ್ಟು, ಯಾವ ಕೊಟ್ಟಿಗೆಗೆ ಹೋಗುತ್ತದೋ ಅವರದು ಎನ್ನುತ್ತಿದ್ದರಲ್ಲ! ಕೇಳಲು ಚೆಂದ. ಆದರೆ ಹಸು ಹೋಗುವುದು ಹಿಂಡಿ, ಬೂಸಾ ಇರುವ ಕಡೆಗೆ, ಕರು ಕಟ್ಟಿದ ಕಡೆಗೆ. ಮಾಲೀಕತ್ವದ ವಿಷಯದಲ್ಲಿ ಅದಕ್ಕೆ ಅಂಥ ಆಸಕ್ತಿಯಿಲ್ಲ. ಈಗ ಕಿವಿಗೆ ಹಳದಿ ಓಲೆ ಹಾಕಿ ಹನ್ನೆರಡು ಅಂಕಿಯ ಸಂಖ್ಯೆ ಕೊಡುತ್ತಾರೆ. ಅದು ಕದ್ದ ದನ ಹುಡುಕಲು ಒಳ್ಳೆಯದು, ಪಾಲಿನ ಜಗಳಕ್ಕೆ ಸಾಲದು.

ಊರಿನ ಕಟ್ಟೆಯ ನ್ಯಾಯವನ್ನು ಹೊಗಳಲು ನಾನು ಬಂದಿಲ್ಲ. ಅಲ್ಲಿ ದನದ ಮೈ ಮನಸ್ಸು ಬಲ್ಲ ಯಜಮಾನರಿದ್ದರು, ನಮ್ಮ ದೇವರು ಮಲೆ ಮಾದಪ್ಪನ ಆಣೆಯ ಭಯವಿತ್ತು, ಒಂದೇ ಹೊತ್ತಿನಲ್ಲಿ ತೀರ್ಮಾನವಾಗುತ್ತಿತ್ತು. ಆದರೆ ಕೂರುವ ಜಾಗ ಜಾತಿ ನೋಡಿ ಸಿಗುತ್ತಿತ್ತು, ದಂಡ ಬಡವನ ಮೇಲೇ ಬೀಳುತ್ತಿತ್ತು. ಹಾಲು ಕರೆಯುವ ಹೆಂಗಸಿನ ಬಾಯಿಗೆ ಕಟ್ಟೆಯ ಮೇಲೆ ಎಡೆಯೇ ಇರಲಿಲ್ಲ. ಆ ಹಸುವನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಈಗಿನ ಮಧ್ಯಸ್ಥಿಕೆ ಕಟ್ಟೆಯ ನ್ಯಾಯಕ್ಕಿಂತ ಬೇರೆ. ಮಧ್ಯಸ್ಥಗಾರರು ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸುತ್ತಾರೆ, ಬೇಕಾದರೆ ಒಬ್ಬೊಬ್ಬರನ್ನೇ ಕರೆದು ಕೇಳುತ್ತಾರೆ. ಅಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ. ಒಪ್ಪದಿದ್ದರೆ ಎದ್ದು ಹೋಗಬಹುದು. ನಮ್ಮ ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ 2007ರ ಜನವರಿ 1ರಂದು ಶುರುವಾಯಿತು. 2023ರ ಮಧ್ಯಸ್ಥಿಕೆ ಕಾಯ್ದೆಯ 43 ಮತ್ತು 44ನೇ ಕಲಮುಗಳು ಸಮುದಾಯ ಮಧ್ಯಸ್ಥಿಕೆಯ ಮಾತಾಡುತ್ತವೆ: ನೆರೆಹೊರೆಯ ನೆಮ್ಮದಿ ಕೆಡಿಸುವ ಜಗಳಕ್ಕೆ, ಎರಡೂ ಕಡೆಯವರು ಒಪ್ಪಿದರೆ, ಮೂವರ ತಂಡ. ಆದರೆ ಅಲ್ಲಿ ಆದ ಒಪ್ಪಂದಕ್ಕೆ ಕೋರ್ಟಿನ ಡಿಕ್ರಿಯ ಬಲವಿಲ್ಲ. ಆ ವರ್ಷದ ಅಕ್ಟೋಬರ್‌ನಲ್ಲಿ ಕಾಯ್ದೆಯ ಕೆಲವು ಕಲಮುಗಳನ್ನು ಜಾರಿಗೆ ತಂದಾಗ ಇವೆರಡು ಆ ಪಟ್ಟಿಯಲ್ಲಿರಲಿಲ್ಲ. ಲೋಕ ಅದಾಲತ್ತಿನಲ್ಲಾದ ರಾಜಿ ಹಾಗಲ್ಲ. ಅದು ಡಿಕ್ರಿಗೆ ಸಮ, ಮೇಲ್ಮನವಿಯಿಲ್ಲ. ನನ್ನ ಸಲಹೆ: ಮಾತುಕತೆ ಊರಲ್ಲೇ ಆಗಲಿ, ಒಪ್ಪಂದಕ್ಕೆ ಮುದ್ರೆ ಅದಾಲತ್ತಿನಲ್ಲಿ ಬೀಳಲಿ.

ನಾಯಿಯ ಜಗಳಕ್ಕೆ ಇನ್ನೂ ಹತ್ತಿರದ ದಾರಿಯಿದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ 20ನೇ ನಿಯಮದಂತೆ, ಬೀದಿನಾಯಿಗೆ ಎಲ್ಲಿ ಊಟ ಹಾಕಬೇಕೆಂಬ ತಕರಾರು ಎದ್ದರೆ ಒಂದು ಸಮಿತಿ ಕೂರಬೇಕು. ಪಶುವೈದ್ಯರು, ಪೊಲೀಸರು, ಪ್ರಾಣಿದಯಾ ಸಂಸ್ಥೆಯವರ ಜೊತೆಗೆ ದೂರು ಕೊಟ್ಟವರಿಗೂ ಅದರಲ್ಲಿ ಜಾಗವಿದೆ. ದೂರುದಾರನನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳುವ ನಿಯಮ ಬರೆದವರಿಗೆ ಹಳ್ಳಿಯ ಗುಟ್ಟು ಗೊತ್ತಿರಬೇಕು. ದೆಹಲಿಯಲ್ಲಿ ಸಾಕುಪ್ರಾಣಿಯ ಸಲುವಾಗಿ ಹೊಡೆದಾಡಿ ಒಬ್ಬರ ಮೇಲೊಬ್ಬರು ಎಫ್‌ಐಆರ್ ಹಾಕಿಕೊಂಡಿದ್ದ ನೆರೆಮನೆಯವರು 2025ರಲ್ಲಿ ರಾಜಿಯಾಗಿ ಹೈಕೋರ್ಟಿಗೆ ಬಂದರು. ಅವರಲ್ಲೊಬ್ಬರದು ಪಿಜ್ಜಾ ವ್ಯಾಪಾರ. ಮಕ್ಕಳ ಆಶ್ರಮಕ್ಕೆ ಪಿಜ್ಜಾ, ಮಜ್ಜಿಗೆ ಬಡಿಸಿ ಎಂದು ಹೇಳಿ ನ್ಯಾಯಾಧೀಶರು ಕೇಸು ರದ್ದು ಮಾಡಿದರು. ತಪ್ಪು ಮಾಡಿದವರು ದೇವರಿಗೆ ಸಲ್ಲಿಸುವ ನಮ್ಮ ತಪ್ಪು ಕಾಣಿಕೆಯ ನೆನಪಾಯಿತು.

ಎಲ್ಲವನ್ನೂ ರಾಜಿಗೆ ತರಬಾರದು. ನಾಯಿ ಕಚ್ಚಿದರೆ ಮೊದಲು ಸೋಪು ಹಚ್ಚಿ ಹರಿಯುವ ನೀರಲ್ಲಿ ಗಾಯ ತೊಳೆದು ಆಸ್ಪತ್ರೆಗೆ ಓಡಿ, ಪಂಚಾಯ್ತಿ ಆಮೇಲೆ. ಬೇಕೆಂದೇ ಪ್ರಾಣಿಯನ್ನು ಕೊಂದರೆ ಅದು ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಐದು ವರ್ಷದವರೆಗೆ ಸಜೆ.

ನಮ್ಮ ಕಾಡಿನದೇ ಒಂದು ಮಾತು ಹೇಳದೆ ಇಳಿಯಲಾರೆ. 2025ರ ಜೂನ್ 26ರಂದು ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ಅರಣ್ಯ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಹುಲಿ ದನ ಹಿಡಿದ ಸಿಟ್ಟು ಕಾರಣವೆಂದು ತನಿಖೆಯಲ್ಲಿ ಬಂತು. ಮಾದಪ್ಪನನ್ನು ಹೊತ್ತ ಪ್ರಾಣಿಗೆ ಮಾದಪ್ಪನ ಬೆಟ್ಟದಲ್ಲೇ ಈ ಗತಿ. ಮರುತಿಂಗಳು ಕಾಡಿನಲ್ಲಿ ದನ ಮೇಯಿಸುವುದನ್ನು ತಡೆಯಲು ಅರಣ್ಯ ಸಚಿವರಿಂದ ಸೂಚನೆ ಬಂತು, ಹಾಡಿ, ಹಟ್ಟಿಗಳಲ್ಲಿ ಕೂಗೆದ್ದಿತು. ಹುಲಿಯ ಜೊತೆ ರಾಜಿ ಸಾಧ್ಯವಿಲ್ಲ, ನಿಜ. ದನ ಕಳೆದುಕೊಂಡವನಿಗೂ ಪರಿಹಾರ ಕೊಡುವ ಇಲಾಖೆಗೂ ನಡುವೆ ದನ ಸತ್ತ ಕೂಡಲೇ ಕೂತು ಮಾತಾಡಿಸುವ ಒಬ್ಬರು ಇರಬೇಕಿತ್ತು. ವಾರದ ದನವಾದರೆ ಪರಿಹಾರದ ಹಣ ಕೊಂಡವನಿಗೋ ಸಾಕಿದವನಿಗೋ ಎಂಬ ಇನ್ನೊಂದು ಜಗಳವೂ ಅಲ್ಲೇ ತೀರಬಹುದು.

ಇಲ್ಲಿಂದ ಕೋರ್ಟಿರುವ ಕೊಳ್ಳೇಗಾಲಕ್ಕೆ ಸುಮಾರು ನೂರು ಕಿಲೋಮೀಟರ್. ಒಂದು ವಾಯಿದೆಗೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು ಬೇರೆ. ಹೊಳೆ ದಾಟಿದರೆ ತಮಿಳುನಾಡು, ಬೇರೆ ಕೋರ್ಟು. ಆಚೆಯ ಬರಗೂರು ಬೆಟ್ಟದಲ್ಲಿ ಕೆಂಪು ಮೈಯ ಬರಗೂರು ದನ ಸಾಕುವವರೂ ಕನ್ನಡವನ್ನೇ ಆಡುವವರು. ಗಡಿ ದಾಟಿದ ದನದ ಜಗಳವನ್ನು ಎರಡು ರಾಜ್ಯದ ಪೊಲೀಸರಿಗಿಂತ ಮೊದಲು ಒಂದೇ ಭಾಷೆಯವರು ಕೂತು ಮಾತಾಡಲಿ.

ಇಂಥ ಮಾತುಕತೆ ಬೇಕಾದವರು ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದರೆ ಸಾಕು. ಬರೆಯಲು ಬಾರದವರು 15100ಕ್ಕೆ ಫೋನ್ ಮಾಡಿ. ಅರ್ಜಿಯಲ್ಲಿ ನಿಮ್ಮ ಹೆಸರು, ಎದುರಿನವರ ಹೆಸರಿನ ಜೊತೆ ಹಸುವಿನ ಹೆಸರನ್ನೂ ಬರೆಯಿರಿ. ಹಾಲು ಕರೆಯುವವರನ್ನು ಜೊತೆಗೆ ಕರೆದುಕೊಂಡು ಬನ್ನಿ.